ಮುಂಗೈ ನೋವಿನ ಚರಿತ್ರೆ: ಗರಡಿಯಿಂದ ಗ್ರಿಪ್ಪರ್‌ವರೆಗೆ

1/6
ನಮ್ಮ ತೊಂಡೇಬಾವಿ ಕಡೆ ಕೈಹಿಡಿತ ಗಟ್ಟಿಯಾಗೋಕೆ ಜಿಮ್ಮೇ ಬೇಕು ಅಂತೇನಿರಲಿಲ್ಲ. ಬೆಳಗ್ಗೆ ಸಂಜೆ ಹಾಲು ಕರೆಯೋ ಕೈ, ತೋಟದಲ್ಲಿ ಗುದ್ದಲಿ ಹಿಡಿಯೋ ಕೈ, ಅತ್ತ ಶಿಡ್ಲಘಟ್ಟದಲ್ಲಿ ಚರಕದ ಮೇಲೆ ರೇಷ್ಮೆ ನೂಲು ತೆಗೆಯೋ ಕೈ. ಇವೆಲ್ಲ ಹಿಡಿತದ ಕೆಲಸಗಳೇ. ಈಗ ನಮ್ಮಲ್ಲಿ ಎಷ್ಟೋ ಜನರ ಬ್ಯಾಗಲ್ಲಿ ಗ್ರಿಪ್ಪರ್ ಇರುತ್ತೆ. ಎರಡು ವಾರ ಜೋಶ್. ಮೂರನೇ ವಾರ ಮೊಣಕೈ ಪಕ್ಕದಲ್ಲಿ ಚುಚ್ಚೋ ನೋವು. ಆಮೇಲೆ ಬಾಗಿಲ ಚಿಲಕ ತಿರುಗಿಸೋದೂ ಕಷ್ಟ.

ಆಗ ಸಿಗೋ ಸಲಹೆ ಎರಡೇ. ಒಬ್ಬರು "ನೋವಾದ್ರೂ ಬಿಡಬೇಡ" ಅಂತಾರೆ. ಇನ್ನೊಬ್ಬರು "ಪೂರ್ತಿ ಬಿಟ್ಬಿಡು" ಅಂತಾರೆ. ಎರಡರಲ್ಲೂ ತೊಂದರೆ ಇದೆ ಅಂತ ತಿಳಿಯೋಕೆ ವೈದ್ಯಲೋಕಕ್ಕೇ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಈ ಸರಣಿ ಆ ಕಥೆ.

2/6
ಮೊದಲು ನಮ್ಮ ನಾಡಿನಿಂದಲೇ ಶುರು ಮಾಡೋಣ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಕಲ್ಯಾಣ ಅಂದ್ರೆ ಇವತ್ತಿನ ಬಸವಕಲ್ಯಾಣ. ಆ ಗ್ರಂಥದಲ್ಲಿ ಮಲ್ಲರಿಗೇ ಒಂದು ಭಾಗ ಇದೆ. ಭಾರ ಎತ್ತೋದು, ನಡೆಯೋದು, ಈಜೋದು, ಕಂಬದ ಮೇಲಿನ ಸಾಮು ಹೀಗೆ ಬೇರೆ ಬೇರೆ ಶ್ರಮಗಳನ್ನು ಅದು ಹೆಸರಿಸುತ್ತೆ. ಭಾರ ಎತ್ತೋದು ಅದರಲ್ಲಿ ಒಂದು ಮಾತ್ರ.

ಮೈಸೂರು ಸೀಮೆಯ ಗರಡಿಮನೆಗಳಲ್ಲೂ ಹೀಗೇ. ಪೈಲ್ವಾನರು ಮಟ್ಟಿಯ ಕೆಮ್ಮಣ್ಣು ಅಗೆದು ಹದ ಮಾಡ್ತಾರೆ, ದಂಡ ಬಸ್ಕಿ ಹೊಡೀತಾರೆ, ಗದೆ ತಿರುಗಿಸ್ತಾರೆ, ಎಣ್ಣೆ ಹಚ್ಚಿ ತೀಡಿಸ್ಕೋತಾರೆ. ಎಣ್ಣೆ ತೀಡಿದರೆ ನೋವು ಸ್ವಲ್ಪ ಹೊತ್ತು ಹಗುರಾಗಬಹುದು, ಒಳಗಿನ ಪೆಟ್ಟು ಅದರಿಂದ ವಾಸಿಯಾಗಲ್ಲ. ಆದರೆ ಗಮನಿಸಿ: ಗದೆ ತಿರುಗಿಸುವಾಗ ಹಿಡಿ ಒಮ್ಮೆ ಬಿಗಿಯಾಗುತ್ತೆ, ಒಮ್ಮೆ ಸಡಿಲವಾಗುತ್ತೆ, ಮಣಿಕಟ್ಟು ಎಲ್ಲ ದಿಕ್ಕಿಗೂ ಹೋಗುತ್ತೆ. ಗ್ರಿಪ್ಪರ್‌ನಲ್ಲಿ ಇರೋದು ಒಂದೇ ಚಲನೆ, ಹಿಂಡೋದು.

3/6
ಈ ಗದೆ ಸಮುದ್ರ ದಾಟಿದ್ದು ಗೊತ್ತಾ? 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಇದನ್ನು ನೋಡಿ ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಅದಕ್ಕೆ 'ಇಂಡಿಯನ್ ಕ್ಲಬ್' ಅಂತ ಹೆಸರಾಯಿತು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಅದರ ಸ್ಪರ್ಧೆಯೂ ನಡೆಯಿತು.

ಅತ್ತಲಿಂದ ಇತ್ತ ಬಂದವನು ಯೂಜೆನ್ ಸ್ಯಾಂಡೋ. 1904-05ರಲ್ಲಿ ಭಾರತದಲ್ಲಿ ಪ್ರದರ್ಶನ ಕೊಟ್ಟ. ಅವನು ಮಾರುತ್ತಿದ್ದ ಡಂಬೆಲ್ ಎರಡು ಹೋಳಾಗಿತ್ತು, ನಡುವೆ ಸ್ಪ್ರಿಂಗ್. ವ್ಯಾಯಾಮ ಮುಗಿಯೋವರೆಗೂ ಅದನ್ನು ಹಿಂಡಿ ಹಿಡಿದಿರಬೇಕು. ಇವತ್ತಿನ ಗ್ರಿಪ್ಪರ್‌ಗೆ ಅದು ಅಜ್ಜನ ಹಾಗೆ.

ಎರಡೂ ಹೊಳೆ ಸೇರಿದ್ದು ನಮ್ಮ ಪಕ್ಕದವರೊಬ್ಬರಲ್ಲಿ: ಕೋಲಾರದ ಕೆ. ವಿ. ಅಯ್ಯರ್. (2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ!) 'ಶಾಂತಲಾ' ಕಾದಂಬರಿ ಬರೆದವರು ಅಂತ ಕನ್ನಡ ಮೇಷ್ಟ್ರು ಹೇಳಿರ್ತಾರೆ. ಅದೇ ಅಯ್ಯರ್ ಬೆಂಗಳೂರಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದರು, 1930ರಲ್ಲಿ 'ಮಸಲ್ ಕಲ್ಟ್' ಬರೆದರು, ಅಂಚೆಯಲ್ಲಿ ವ್ಯಾಯಾಮ ಪಾಠ ಕಳಿಸಿದರು. ಬಾರ್ಬೆಲ್ ಜೊತೆಗೆ ಆಸನ, ಸೂರ್ಯನಮಸ್ಕಾರವನ್ನೂ ಸೇರಿಸಿದ್ದು ಅವರ ವಿಶೇಷ.

4/6
ಇನ್ನು ನೋವಿನ ಹೆಸರು. 1873ರಲ್ಲಿ ಜರ್ಮನಿಯ ವೈದ್ಯ ರುಂಗೆ ಮೊಣಕೈ ಹೊರಬದಿಯ ನೋವನ್ನು ವಿವರಿಸಿದ. ಅವನು ಅದನ್ನು ಜೋಡಿಸಿದ್ದು ಬರವಣಿಗೆಗೆ! 1882ರಲ್ಲಿ ಹೆನ್ರಿ ಮಾರಿಸ್ ಇದನ್ನು ಲಾನ್ ಟೆನಿಸ್ ಆಡೋರಲ್ಲಿ ಗುರುತಿಸಿದ. ಅಲ್ಲಿಂದ 'ಟೆನಿಸ್ ಎಲ್ಬೋ' ಅನ್ನೋ ಹೆಸರು ನಿಂತಿತು. ಟೆನಿಸ್ ಆಡದ ಸಚಿನ್ ತೆಂಡೂಲ್ಕರ್‌ಗೂ ಇದೇ ಬಂತು, 2005ರಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ಹಿಂಡಿದರೆ ಹೊರಬದಿ ಯಾಕೆ ನೋಯಬೇಕು? ಬೆರಳು ಮಡಚೋ ಸ್ನಾಯುಗಳ ಬುಡ ಹೆಚ್ಚಾಗಿ ಮೊಣಕೈ ಒಳಬದಿಯಲ್ಲಿದೆ. ಆದರೆ ಮುಷ್ಟಿ ಬಿಗಿದಾಗ ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳದ ಹಾಗೆ ಹೊರಬದಿಯ ಸ್ನಾಯುಗಳು ಎಳೆದು ಹಿಡಿದಿರುತ್ತವೆ. ಒಂದೊಂದು ಹಿಂಡಿಗೂ ಎರಡೂ ಬದಿ ದುಡಿಯುತ್ತೆ. ಸ್ನಾಯುವನ್ನು ಮೂಳೆಗೆ ಕಟ್ಟಿರೋ ಹಗ್ಗಕ್ಕೆ ಟೆಂಡನ್ ಅಂತಾರೆ. ಸ್ನಾಯು ವಾರಗಳಲ್ಲಿ ಬಲಿಯುತ್ತೆ, ಟೆಂಡನ್ ನಿಧಾನ. ಎತ್ತು ಬಲಿತಿದೆ, ಹಗ್ಗ ಹಳೇದೇ ಇದೆ. ಎಲ್ಲಿ ಕಿತ್ತುಕೊಳ್ಳುತ್ತೆ ಹೇಳಿ?

5/6
ಬಹಳ ಕಾಲ ಇದನ್ನು ಬರೀ ಉರಿಯೂತ ಅಂದುಕೊಂಡಿದ್ದರು. ಹಾಗಾಗಿ ಮದ್ದು: ವಿಶ್ರಾಂತಿ, ಐಸ್, ಇಂಜೆಕ್ಷನ್. 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ 'ರೈಸ್' ಸೂತ್ರ ಕೊಟ್ಟರು: ವಿಶ್ರಾಂತಿ, ಐಸ್, ಬಿಗಿ ಕಟ್ಟು, ಎತ್ತರದಲ್ಲಿಡೋದು. 2014ರಲ್ಲಿ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗೋದನ್ನು ತಡ ಮಾಡಬಹುದು ಅಂತ ಬರೆದರು.

1979ರಲ್ಲಿ ನಿರ್ಶಲ್ ಮತ್ತು ಪೆಟ್ರೋನ್ ಶಸ್ತ್ರಚಿಕಿತ್ಸೆ ಮಾಡಿದ ಮೊಣಕೈಗಳಲ್ಲಿ ಕಂಡದ್ದು ಸವೆದು, ಸರಿಯಾಗಿ ಕೂಡಿಕೊಳ್ಳದ ಟೆಂಡನ್.

1990ರ ದಶಕದಲ್ಲಿ ಸ್ವೀಡನ್‌ನ ಡಾಕ್ಟರ್ ಹೋಕಾನ್ ಆಲ್ಫ್ರೆಡ್‌ಸನ್‌ಗೆ ಹಿಮ್ಮಡಿ ಟೆಂಡನ್ ನೋವು. ಆಪರೇಷನ್ ಮಾಡಿ ಅಂದ್ರೆ ಮೇಲಧಿಕಾರಿ ಒಪ್ಪಲಿಲ್ಲ. ಕೆಡಿಸಿಕೊಂಡ್ರೆ ಮಾಡ್ತಾರೆ ಅಂತ ಅವರು ಹಿಮ್ಮಡಿಗೆ ಭಾರ ಹಾಕ್ತಾ ಹೋದರು. ನೋವೇ ಹೋಯಿತು! 1998ರಲ್ಲಿ 15 ಜನರ ಮೇಲೆ 12 ವಾರ ಪರೀಕ್ಷಿಸಿದರು. ನಿಧಾನವಾಗಿ ಭಾರ ಇಳಿಸೋದೇ ಚಿಕಿತ್ಸೆ. 2010ರಲ್ಲಿ ಟೈಲರ್ ತಂಡ ಇದೇ ತತ್ವವನ್ನು ರಬ್ಬರ್ ಕೋಲಿನಿಂದ ಟೆನಿಸ್ ಎಲ್ಬೋಗೆ ಬಳಸಿ ಒಳ್ಳೆ ಫಲ ಕಂಡಿತು.

ಇಂಜೆಕ್ಷನ್ ಕೇಳೋರು ಇದನ್ನು ಓದಲೇಬೇಕು. 2013ರಲ್ಲಿ ಬ್ರಿಸ್ಬೇನ್‌ನಲ್ಲಿ 165 ಜನರ ಅಧ್ಯಯನ ಪ್ರಕಟವಾಯಿತು. ಸ್ಟೀರಾಯ್ಡ್ ಚುಚ್ಚಿಸಿಕೊಂಡವರಲ್ಲಿ 54% ಮಂದಿಗೆ ನೋವು ಮರುಕಳಿಸಿತು, ಔಷಧವಿಲ್ಲದ ಸೂಜಿ ಚುಚ್ಚಿಸಿಕೊಂಡವರಲ್ಲಿ 12%. ಒಂದು ವರ್ಷಕ್ಕೆ ಪೂರ್ತಿ ಅಥವಾ ಬಹುಪಾಲು ವಾಸಿಯಾದವರು 83% ಮತ್ತು 96%. ಮೊದಲ ವಾರಗಳ ಆರಾಮಕ್ಕೆ ಆಮೇಲೆ ಬಡ್ಡಿ ಕಟ್ಟಿದ ಹಾಗಾಯ್ತು.

6/6
ಹಾಗಾದ್ರೆ ಏನು ಮಾಡೋದು?
👉 ನೋಯಿಸೋ ಗ್ರಿಪ್ಪರ್, ಭಾರದ ಡೆಡ್‌ಲಿಫ್ಟ್ ಸದ್ಯಕ್ಕೆ ಬದಿಗಿಡಿ. ಕೈಯನ್ನೇ ಕಟ್ಟಿಹಾಕಬೇಡಿ.
👉 ಹೊರಬದಿ ನೋವಾದ್ರೆ: ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಕೈಲಿ ಅರ್ಧ ಲೀಟರ್ ನೀರಿನ ಬಾಟಲ್. ಇನ್ನೊಂದು ಕೈಯಿಂದ ಮೇಲೆತ್ತಿ, ನಿಧಾನಕ್ಕೆ ಇಳಿಸಿ. 15 ಸಲ, 3 ಸುತ್ತು. ಒಳಬದಿಯಾದ್ರೆ ಅಂಗೈ ಮೇಲ್ಮುಖ.
👉 ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಚ್ಚೋದನ್ನೂ ಮಾಡಿ.
👉 ಸ್ವಲ್ಪ ನೋವು ಪರವಾಗಿಲ್ಲ. ಮಾರನೇ ದಿನ ಹೆಚ್ಚಾದ್ರೆ ಭಾರ ಇಳಿಸಿ.
👉 ಮರಗಟ್ಟೋದು, ಊತ, ಟಪ್ ಅಂತ ಸದ್ದಾಗಿ ಬಲ ಹೋಗೋದು, ರಾತ್ರಿ ನಿದ್ದೆ ಕೆಡಿಸೋ ನೋವು ಇದ್ರೆ ಡಾಕ್ಟರ್ ಹತ್ರ ಹೋಗಿ.

ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, 2022ರಲ್ಲಿ 269 ಕೆಜಿಗೆ ಕಂಚು. ನಾಲ್ಕು ವರ್ಷದ ಅಂತರ, ತೂಕದ ವಿಭಾಗವೂ ಬೇರೆ, ಹೆಚ್ಚಿದ್ದು 20 ಕೆಜಿ. ನಾವು ಎರಡು ವಾರದಲ್ಲಿ ಮುಂದಿನ ಗ್ರಿಪ್ಪರ್‌ಗೆ ಜಿಗೀತೀವಿ.

ಮೊಣಕೈ ಹಿಡ್ಕೊಂಡು ಓಡಾಡ್ತಿರೋ ಫ್ರೆಂಡ್‌ನ ಕೆಳಗೆ ಟ್ಯಾಗ್ ಮಾಡಿ. 💪

#ತೊಂಡೇಬಾವಿ #ಗೌರಿಬಿದನೂರು #ಗರಡಿಮನೆ #ಕನ್ನಡದಲ್ಲಿಚರಿತ್ರೆ