ಕಾಲೇಜು ಆಟಗಾರರಿಗೆ ದುಡ್ಡು ಬಂತು, ಕಾರ್ಮಿಕರ ಹಕ್ಕು ಬರಲಿಲ್ಲ

ಅಮೆರಿಕದ ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಯಾರು ಗೊತ್ತಾ? ಗವರ್ನರ್ ಅಲ್ಲ, ನ್ಯಾಯಾಧೀಶರೂ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಆದರೆ ಮೈದಾನದಲ್ಲಿ ಮೈಮುರಿದು ಆಡುವ ಹುಡುಗ ಮಾತ್ರ ಕಾನೂನಿನ ಕಣ್ಣಲ್ಲಿ ಇವತ್ತಿಗೂ ನೌಕರ ಅಂತ ಖಚಿತವಾಗಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಅವನ ಜೇಬಿಗೆ ದುಡ್ಡು ಬರುವಂತಾಗಿದೆ, ನಿಜ. ಹಕ್ಕು ಬಂದಿದೆಯಾ? ಕೋರ್ಟುಗಳ ದಾರಿಯನ್ನು ಒಂದೊಂದಾಗಿ ನೋಡೋಣ.

‘ವಿದ್ಯಾರ್ಥಿ-ಆಟಗಾರ’ ಅನ್ನೋ ಪದ ಎಲ್ಲಿಂದ ಬಂತು?

ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಮುಖ್ಯ ಸಂಸ್ಥೆ ಎನ್‌ಸಿಎಎ. 1955ರಲ್ಲಿ ಕೊಲೊರಾಡೊದ ಸಣ್ಣ ಕಾಲೇಜೊಂದರ ಫುಟ್‌ಬಾಲ್ ಆಟಗಾರ ಪಂದ್ಯದಲ್ಲಿ ಪೆಟ್ಟು ತಿಂದು ಸತ್ತ. ಕೆಲಸದ ವೇಳೆ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಇಂಥ ಹಕ್ಕುದಾರಿಕೆಗಳು ಬರುವ ಭಯದಲ್ಲೇ ಎನ್‌ಸಿಎಎ ‘ವಿದ್ಯಾರ್ಥಿ-ಆಟಗಾರ’ ಎಂಬ ಪದವನ್ನು ಹುಟ್ಟುಹಾಕಿ ಎಲ್ಲೆಡೆ ಬಳಕೆಗೆ ತಂದಿತು. ಇದನ್ನು ಯಾರೋ ವಿರೋಧಿಗಳು ಹೇಳಿದ್ದಲ್ಲ. ದಶಕಗಳ ಕಾಲ ಸಂಸ್ಥೆಯನ್ನು ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ ತಾವೇ ಬರೆದುಕೊಂಡಿದ್ದಾರೆ.

ದುಡ್ಡಿನ ದಾರಿ: ಏಕಸ್ವಾಮ್ಯ ವಿರೋಧಿ ಕಾನೂನು

ಆಟಗಾರರಿಗೆ ಮೊದಲು ಗೆಲುವು ತಂದದ್ದು ಕಾರ್ಮಿಕ ಕಾನೂನಲ್ಲ, ಮಾರುಕಟ್ಟೆಯ ಕಾನೂನು. ಕಾಲೇಜುಗಳೆಲ್ಲ ಒಟ್ಟುಗೂಡಿ ‘ಯಾರೂ ಇಷ್ಟಕ್ಕಿಂತ ಹೆಚ್ಚು ಕೊಡಬಾರದು’ ಅಂತ ಮಾತಾಡಿಕೊಂಡರೆ ಅದು ಪೈಪೋಟಿಯನ್ನು ಕೊಲ್ಲುವ ಒಪ್ಪಂದ ಅನ್ನೋದು ವಾದ.

ಯುಸಿಎಲ್‌ಎಯ ಮಾಜಿ ಬಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ಒಂದು ವಿಡಿಯೊ ಗೇಮ್‌ನಲ್ಲಿ ತನ್ನದೇ ರೂಪವನ್ನು ಕಂಡರು. ಅದಕ್ಕಾಗಿ ಅವರಿಗೆ ಒಂದು ಪೈಸೆಯೂ ಸಿಕ್ಕಿರಲಿಲ್ಲ. 2009ರಲ್ಲಿ ಕೇಸು ಹಾಕಿದರು, 2014ರಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರರು ತಮ್ಮ ಹೆಸರು ಮತ್ತು ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು ಎಂಬ ಕಾಯ್ದೆ ಮಾಡಿತು.

2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣ ಬಂತು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಟಗಾರರ ಪರ ನಿಂತರು. ತೀರ್ಪಿನ ವ್ಯಾಪ್ತಿ ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳಿಗಷ್ಟೇ ಸೀಮಿತ. ಆದರೆ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಬ್ರೆಟ್ ಕವನಾ, ಬೇರೆ ಯಾವ ಉದ್ಯಮ ಹೀಗೆ ನಡೆದುಕೊಂಡರೂ ಅದು ಕಾನೂನುಬಾಹಿರ ಆಗುತ್ತಿತ್ತು ಎಂಬರ್ಥದ ಮಾತು ಹೇಳಿದರು. ಅದೇ ಜುಲೈ 1ರಿಂದ ಜಾಹೀರಾತು ಗಳಿಕೆಗೆ ದೇಶದಾದ್ಯಂತ ಬಾಗಿಲು ತೆರೆಯಿತು.

ಕೊನೆಗೆ 2025ರ ಜೂನ್ 6ರಂದು ಹೌಸ್ ಪ್ರಕರಣದ ರಾಜಿಗೆ ಅದೇ ವಿಲ್ಕೆನ್ ಒಪ್ಪಿಗೆ ಕೊಟ್ಟರು. 2016ರಿಂದ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಜೊತೆಗೆ, ರಾಜಿಗೆ ಒಳಪಟ್ಟ ಪ್ರತಿ ಕಾಲೇಜು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು.

ಹಾಗಾದ್ರೆ ತಕರಾರು ಏನು?

ಆ 2.05 ಕೋಟಿಯ ಮಿತಿಯನ್ನೇ ನೋಡಿ. ಎನ್‌ಎಫ್‌ಎಲ್, ಎನ್‌ಬಿಎಯಂಥ ವೃತ್ತಿಪರ ಲೀಗ್‌ಗಳಲ್ಲೂ ಸಂಬಳಕ್ಕೆ ಮಿತಿ ಇದೆ. ಆದರೆ ಅಲ್ಲಿ ಆಟಗಾರರ ಯೂನಿಯನ್ ಮೇಜಿನ ಎದುರು ಕೂತು ಚೌಕಾಸಿ ಮಾಡಿ ಒಪ್ಪಿದ ಮಿತಿ ಅದು. ಕಾಲೇಜಿನಲ್ಲಿ ಯೂನಿಯನ್ನೇ ಇಲ್ಲ. ವಕೀಲರು ರಾಜಿ ಮಾಡಿಕೊಂಡರು, ಕೋರ್ಟ್ ಸಹಿ ಹಾಕಿತು. ಇನ್ನು ಮುಂದೆ ಬರುವ ಹುಡುಗ ಹುಡುಗಿಯರ ಗಳಿಕೆಗೂ ಅದೇ ಬೇಲಿ.

ಹಂಚಿಕೆಯಲ್ಲೂ ಜಗಳ ಇದೆ. ಬಾಕಿ ಹಣದ ಬಹುಪಾಲು ಪುರುಷರ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿಗೆ ಇದು ವಿರುದ್ಧ ಎಂದು ಆಟಗಾರ್ತಿಯರು ಮೇಲ್ಮನವಿ ಹಾಕಿದರು. ಕಾಲೇಜುಗಳು ಕೊಡುವ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತದೆ ಎಂದು ಬೈಡನ್ ಸರ್ಕಾರ ಹೊರಡಿಸಿದ್ದ ಸೂಚನೆಯನ್ನು 2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರ ವಾಪಸ್ ಪಡೆಯಿತು.

ಹಕ್ಕಿನ ದಾರಿ: ಕಾರ್ಮಿಕ ಕಾನೂನು

2014ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಯೂನಿಯನ್ ಕಟ್ಟಲು ಹೊರಟರು. ಕಾರ್ಮಿಕ ಮಂಡಳಿಯ ಪ್ರಾದೇಶಿಕ ನಿರ್ದೇಶಕರು ‘ಇವರು ನೌಕರರೇ’ ಅಂದರು. ಮತದಾನವೂ ಆಯ್ತು. ಆದರೆ 2015ರಲ್ಲಿ ರಾಷ್ಟ್ರೀಯ ಮಂಡಳಿ ‘ಇದರಲ್ಲಿ ನಾವು ಕೈಹಾಕಲ್ಲ’ ಎಂದು ಪಕ್ಕಕ್ಕೆ ಸರಿಯಿತು. ಹಾಕಿದ ಮತಗಳನ್ನು ಎಣಿಸಲೇ ಇಲ್ಲ.

2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಪುರುಷರ ಬಾಸ್ಕೆಟ್‌ಬಾಲ್ ತಂಡ 13-2 ಮತಗಳಿಂದ ಯೂನಿಯನ್ ಸೇರಲು ತೀರ್ಮಾನಿಸಿತು. ಟ್ರಂಪ್ ಗೆದ್ದ ಮೇಲೆ ಮಂಡಳಿಯ ಬಣ್ಣ ಬದಲಾಗುವುದು ಖಾತ್ರಿಯಾಯ್ತು. ವಿರುದ್ಧ ತೀರ್ಪು ಬಂದು ಮುಂದಿನವರ ದಾರಿಯೂ ಮುಚ್ಚುವುದು ಬೇಡ ಅಂತ ಡಿಸೆಂಬರ್ 31ರಂದು ಅರ್ಜಿ ಹಿಂದಕ್ಕೆ ಪಡೆದರು. ಇನ್ನೊಂದು ತೊಡಕೂ ಇದೆ. ಈ ಮಂಡಳಿಯ ಅಧಿಕಾರ ಖಾಸಗಿ ಸಂಸ್ಥೆಗಳ ಮೇಲೆ ಮಾತ್ರ. ದೊಡ್ಡ ಫುಟ್‌ಬಾಲ್ ತಂಡಗಳು ಹೆಚ್ಚಾಗಿ ಸರ್ಕಾರಿ ವಿಶ್ವವಿದ್ಯಾಲಯಗಳದ್ದು. ಅಲ್ಲಿ ಆಯಾ ರಾಜ್ಯದ ಕಾನೂನೇ ಕಾನೂನು.

ಈಗ ಉಳಿದಿರುವ ಗಟ್ಟಿ ಎಳೆ ಜಾನ್ಸನ್ ಪ್ರಕರಣ. ಕನಿಷ್ಠ ವೇತನ ಕಾನೂನಿನಡಿ ಹಾಕಿದ ಕೇಸು ಇದು. ಸ್ಟೇಡಿಯಂನಲ್ಲಿ ಟಿಕೆಟ್ ಕೊಡುವ ವಿದ್ಯಾರ್ಥಿಗೆ ಗಂಟೆಗಿಷ್ಟು ಅಂತ ಕೂಲಿ ಸಿಗುವಾಗ ಆಡುವ ವಿದ್ಯಾರ್ಥಿಗೆ ಯಾಕಿಲ್ಲ ಅನ್ನೋದು ಪ್ರಶ್ನೆ. ಟ್ರ್ಯಾಕ್ ಅಂಡ್ ಫೀಲ್ಡ್ ಆಟಗಾರರ ಇಂಥದ್ದೇ ಬೇಡಿಕೆಯನ್ನು 2016ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ತಳ್ಳಿಹಾಕಿತ್ತು. ಆದರೆ 2024ರ ಜುಲೈನಲ್ಲಿ ಮೂರನೇ ಸರ್ಕ್ಯೂಟ್ ಕೋರ್ಟ್ ಬೇರೆಯದೇ ಅಳತೆಗೋಲು ಕೊಟ್ಟಿತು. ಕೆಲಸ ಯಾರಿಗಾಗಿ? ಮುಖ್ಯ ಲಾಭ ಯಾರಿಗೆ? ಹಿಡಿತ ಯಾರದ್ದು? ಬದಲಿಗೆ ಏನಾದರೂ ಪ್ರತಿಫಲ ಇದೆಯಾ? ಉತ್ತರಗಳು ಹೊಂದಿದರೆ ಆಟಗಾರ ನೌಕರನೂ ಆಗಬಹುದು, ‘ಹವ್ಯಾಸಿ’ ಅನ್ನೋ ಹಣೆಪಟ್ಟಿ ಅಡ್ಡ ಬರಲ್ಲ ಎಂದಿತು.

ಎದುರಿನ ವಾದದಲ್ಲೂ ಹುರುಳಿದೆ

ಎಲ್ಲರನ್ನೂ ನೌಕರರು ಅಂದರೆ ಆದಾಯವಿಲ್ಲದ ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್ ತಂಡಗಳನ್ನು ಕಾಲೇಜುಗಳು ಮುಚ್ಚಬಹುದು. ವಿದೇಶಿ ಆಟಗಾರರಿಗೂ ಕಷ್ಟ. ಎಂಎಸ್ ಓದಲು ಅಮೆರಿಕಕ್ಕೆ ಹೋದ ನನ್ನ ಇಂಜಿನಿಯರಿಂಗ್ ಬ್ಯಾಚ್‌ನವರಿಗೆ ಎಫ್-1 ವೀಸಾದ ನಿಯಮ ಬಾಯಿಪಾಠ: ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ, ಹೊರಗೆ ಕೆಲಸಕ್ಕೆ ಪ್ರತ್ಯೇಕ ಅನುಮತಿ. ಅದೇ ವೀಸಾದಲ್ಲಿರುವ ಆಟಗಾರರು ಜಾಹೀರಾತಿಗೆ ಕೂಡ ಹೆದರಿ ಹೆದರಿ ಸಹಿ ಹಾಕಬೇಕಾದ ಸ್ಥಿತಿ ಇದೆ.

ಆದರೆ ಇದಕ್ಕೆ ಪರಿಹಾರ ಎಲ್ಲರಿಗೂ ಬಾಗಿಲು ಮುಚ್ಚುವುದಲ್ಲ. ಜಾನ್ಸನ್ ತೀರ್ಪು ಹೇಳಿದ್ದೂ ಅದೇ: ಪ್ರತಿಯೊಂದು ಸಂದರ್ಭವನ್ನೂ ಅದರ ವಾಸ್ತವದ ಮೇಲೆ ಅಳೆಯಿರಿ. 2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದ ಸ್ಕೋರ್ ಮಸೂದೆ ಇದಕ್ಕೆ ತದ್ವಿರುದ್ಧ. ಆಟಗಾರರನ್ನು ನೌಕರರೆಂದು ಪರಿಗಣಿಸುವಂತಿಲ್ಲ ಎನ್ನುವುದರ ಜೊತೆಗೆ, ಏಕಸ್ವಾಮ್ಯ ಕೇಸುಗಳಿಂದ ಎನ್‌ಸಿಎಎಗೆ ರಕ್ಷಣೆಯನ್ನೂ ಕೊಡುತ್ತದೆ. ಅಂದರೆ ದುಡ್ಡು ತಂದ ದಾರಿಗೂ ಬೀಗ, ಹಕ್ಕು ತರಬಹುದಾದ ದಾರಿಗೂ ಬೀಗ.

ನಮ್ಮಲ್ಲೂ ಹೆಸರಿನ ಆಟ ಹೊಸದೇನಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್, ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಅನ್ನುತ್ತದೆ. ಊಟ ತಂದುಕೊಡುವ ಹುಡುಗನನ್ನು ಆ್ಯಪ್ ಕಂಪನಿಗಳು ‘ಪಾರ್ಟ್‌ನರ್’ ಅಂತ ಕರೆಯುತ್ತವೆ. ಜಾನ್ಸನ್ ತೀರ್ಪಿನ ಆ ನಾಲ್ಕು ಪ್ರಶ್ನೆಗಳನ್ನು ಇಲ್ಲೂ ಕೇಳಬಹುದು. ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಮನೆಗೆ ಹೋದ ಆಟಗಾರನಿಗೆ ಕಳೆದ ವರ್ಷದ ಚೆಕ್‌ಗಿಂತ ಹೆಚ್ಚು ಬೇಕಿರುವುದು ಚಿಕಿತ್ಸೆ, ಪರಿಹಾರ ಮತ್ತು ತನ್ನ ಪರ ಮಾತಾಡುವ ಒಂದು ಸಂಘ. 1957ರಲ್ಲಿ ಕೊಲೊರಾಡೊದ ಆ ಹೆಂಗಸಿಗೆ ಸಿಗದ ಪರಿಹಾರಕ್ಕೆ ಕಾನೂನಿನ ಖಾತ್ರಿ ಇವತ್ತಿಗೂ ಇಲ್ಲ.