ಮದ್ಬಸಾದ ದಿಬ್ಸ್, ಕಳ್ಳಿನ ಕೆನೆ

ಬಹ್ರೇನ್ ಕೋಟೆಯ ದಿಬ್ಬಕ್ಕೆ ಹೋದಾಗಲೆಲ್ಲ ನಾನು ಮೊದಲು ಅರಸಿಕೊಂಡು ಹೋಗುವುದು ಪೋರ್ಚುಗೀಸರ ಬುರುಜುಗಳನ್ನಲ್ಲ, ನೆಲದ ತುಂಬ ಸಾಲುಗಾಲುವೆಗಳಿರುವ ಒಂದು ಪುಟ್ಟ ಕೋಣೆಯನ್ನು. ಅದು ಮದ್ಬಸಾ. ಖರ್ಜೂರದ ಚೀಲಗಳನ್ನು ಇಲ್ಲಿ ಒಂದರ ಮೇಲೊಂದು ಪೇರಿಸುತ್ತಿದ್ದರು. ಬೇಸಗೆಯ ಕಾವಿಗೂ ಮೇಲಿನ ಭಾರಕ್ಕೂ ರಸ ಒಸರಿ, ಗಾರೆ ಬಳಿದ ಕಾಲುವೆಗಳಲ್ಲಿ ಹರಿದು, ನೆಲದಲ್ಲಿ ಹೂತ ಗುಡಾಣಕ್ಕೆ ಇಳಿಯುತ್ತಿತ್ತು. ಈ ಪಾಕಕ್ಕೆ ದಿಬ್ಸ್ ಎನ್ನುತ್ತಾರೆ.

1953ರಲ್ಲಿ ಬಂದ ಪಿ.ವಿ. ಗ್ಲೋಬ್ ಮತ್ತು ಜೆಫ್ರಿ ಬಿಬಿಯವರ ಡೇನಿಶ್ ತಂಡ ಈ ದಿಬ್ಬವನ್ನು ಅಗೆಯತೊಡಗಿತು. ಬ್ಯಾಬಿಲೋನಿನ ಕಸ್ಸೈಟ್ ದೊರೆಗಳು ಆಗ ದಿಲ್ಮುನ್ ಎನಿಸಿದ್ದ ಈ ದ್ವೀಪವನ್ನು ಆಳುತ್ತಿದ್ದ ಕಾಲದ, ಕ್ರಿ.ಪೂ. ಎರಡನೇ ಸಹಸ್ರಮಾನದ, ಮದ್ಬಸಾಗಳೂ ಇಲ್ಲಿವೆ. ಆ ಕಾಲದ ಅಧಿಕಾರಿ ಇಲಿ-ಇಪ್ಪಶ್ರ ಇಲ್ಲಿಂದ ಮೆಸೊಪೊಟೇಮಿಯದ ನಿಪ್ಪುರ ಪಟ್ಟಣಕ್ಕೆ ಬರೆದ ಜೇಡಿಮಣ್ಣಿನ ಪತ್ರಗಳು ಸಿಕ್ಕಿವೆ. ಅಹ್ಲಾಮು ಎಂಬ ಅಲೆಮಾರಿ ಜನ ಖರ್ಜೂರ ಹೊತ್ತೊಯ್ದರೆಂಬ ದೂರು ಅವುಗಳಲ್ಲಿದೆ. ದೊರೆಯ ಆಡಳಿತದವರೆಗೆ ದೂರು ಹೋಗುವಷ್ಟು ಬೆಲೆ ಆ ಹಣ್ಣಿಗಿತ್ತು!

ಈ ಸಿಹಿರಸದ ಕೋಣೆಯಲ್ಲಿ ನಿಂತಾಗ ನನಗೆ ಊರಿನ ಹುಳಿರಸ ನೆನಪಾಗುತ್ತದೆ. ಮಂಗಳೂರಿನ ನಮ್ಮ ಮನೆಯಲ್ಲಿ ಬಫಾತ್ ಎಂಬ ಹುಳಿಖಾರದ ಮಾಂಸದಡುಗೆಗೆಂದು ತೆಂಗಿನ ಕಳ್ಳನ್ನು ಜಾಡಿಯಲ್ಲಿ ಹುಳಿಯಲು ಇಡುತ್ತಿದ್ದರು. ಕೆಲವು ದಿನಕ್ಕೆ ಮೇಲೆ ಬಿಳಿ ಪದರ ಹರಡುತ್ತಿತ್ತು. ಕೆನೆ ಕಟ್ಟಿತು ಎನ್ನುತ್ತಿದ್ದಳು ಅಮ್ಮ. ಗಾಳಿ ಬೇಕಾದ ಯೀಸ್ಟು, ಬ್ಯಾಕ್ಟೀರಿಯಾಗಳ ಕೆಲಸವದು. ಸ್ಪೇನಿನ ಹೆರೆಸ್ ಊರಿನ ವೈನ್ ಕೋಠಿಗಳಲ್ಲಿ ಯೀಸ್ಟಿನ ಇಂಥ ಪದರಕ್ಕೆ ಫ್ಲೋರ್, ಅಂದರೆ ಹೂ, ಎಂಬ ಹೆಸರು. ಅದು ಬೆಳೆಯಲೆಂದೇ ಪೀಪಾಯಿಯಲ್ಲಿ ಆರನೇ ಒಂದು ಪಾಲು ಜಾಗವನ್ನು ಗಾಳಿಗೆ ಬಿಡುತ್ತಾರೆ. ವೈನಿನ ಮದ್ಯಸಾರವನ್ನು ಶೇ. 15ರ ಆಸುಪಾಸಿನಲ್ಲಿ ಇಡುತ್ತಾರೆ. ಹೂವಿನ ಕೆಳಗೆ ವೈನ್ ಬಣ್ಣಗೆಡದೆ ತಿಳಿಯಾಗಿ ಉಳಿಯುತ್ತದೆ.

ಮದ್ಬಸಾದವರಿಗೆ ಬೇಕಿದ್ದದ್ದು ಇದಕ್ಕೆ ತೀರ ವಿರುದ್ಧ. ದಿಬ್ಸ್ ಎಷ್ಟು ಗಟ್ಟಿಯೆಂದರೆ ಅದರಲ್ಲಿರುವ ನೀರನ್ನೆಲ್ಲ ಸಕ್ಕರೆಯೇ ಹಿಡಿದಿಟ್ಟುಕೊಂಡು, ಹೆಚ್ಚಿನ ಯೀಸ್ಟ್‌ಗಳಿಗೆ ಬದುಕಲು ಬಿಡುವುದಿಲ್ಲ. ಉಪ್ಪಿಲ್ಲದೆ, ಬೆಂಕಿಯಿಲ್ಲದೆ, ಈ ಸೆಕೆಯ ನಾಡಿನಲ್ಲಿ ಹಣ್ಣಿನ ಸಿಹಿಯನ್ನು ಕಾಪಿಟ್ಟ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಅದೇ ಪಾಕಕ್ಕೆ ನೀರು ಬೆರೆಸಿಟ್ಟರೆ ನೊರೆಯೇಳುತ್ತದೆ, ಮತ್ತೇರುತ್ತದೆ. ಗಾಳಿಗೆ ತೆರೆದಿಟ್ಟರೆ ಹುಳಿಯಾಗುತ್ತದೆ. ಬ್ಯಾಬಿಲೋನಿನವರು ಮುಂದೆ ಖರ್ಜೂರದಿಂದಲೇ ಬಿಯರ್ ಮಾಡಿದರು.

ಖರ್ಜೂರದ ವಿನೆಗರ್ ಈಗಲೂ ಕೊಲ್ಲಿ ನಾಡುಗಳಲ್ಲಿ ಸಿಗುತ್ತದೆ. ಮನಾಮದ ನನ್ನ ಅಡುಗೆಮನೆಯಲ್ಲಿ ಬಫಾತಿಗೆ ಅದನ್ನೇ ಹಾಕುತ್ತೇನೆ, ಬೆಲ್ಲದ ಚೂರನ್ನು ಬಿಟ್ಟುಬಿಡುತ್ತೇನೆ.