ಶೆಟ್ಟಿ ಶೇಟ್ಟೀಯಾಗುವ ಬಗೆ

ಪಿಂಪ್ರಿ-ಚಿಂಚವಾಡದ ಹೆಸರುಗಳ ಮರಾಠಿ ಪಟ್ಟಿಯೊಂದನ್ನು ಕನ್ನಡ ಲಿಪಿಗೆ ತರಬೇಕೆನ್ನಿ. ಸಿ ಭಾಷೆಯಲ್ಲಿ ಇದರ ತಿರುಳು ಒಂದೇ ಸಾಲು:

ಅಕ್ಷರ ^= 1408;

ಇದು ಬಿಟ್‌ವೈಸ್ ಅಸೈನ್‌ಮೆಂಟ್ ಆಪರೇಟರ್. 1408ನ್ನು ಸೊನ್ನೆ-ಒಂದುಗಳಲ್ಲಿ ಬರೆದಾಗ ಒಂದು ಎಲ್ಲೆಲ್ಲಿದೆಯೋ, ಅಕ್ಷರದ ಸಂಖ್ಯೆಯಲ್ಲಿ ಅಲ್ಲಲ್ಲಿನ ಬಿಟ್ಟನ್ನು ತಿರುವಿಹಾಕು, ಬಂದದ್ದನ್ನು ಅದೇ ಜಾಗದಲ್ಲಿಡು ಎಂದರ್ಥ. ಯೂನಿಕೋಡಿನಲ್ಲಿ ದೇವನಾಗರಿಯ ಕ 2325. ಸಾಲು ಓಡಿದ ಮೇಲೆ 3221, ಅಂದರೆ ಕನ್ನಡದ ಕ. ಇನ್ನೊಮ್ಮೆ ಓಡಿಸಿದರೆ ಮರಳಿ ದೇವನಾಗರಿ. 896 ಕೂಡಿಸಿದರೂ ಕನ್ನಡಕ್ಕೆ ಬರಬಹುದು, ಆದರೆ ಹಿಂದಿರುಗಲು ಬೇರೆ ಸಾಲು ಬೇಕು.

ಲೆಕ್ಕ ಮತ್ತು ಇಡುವಿಕೆಯನ್ನು ಹೀಗೆ ಬೆಸೆಯುವ ಬರವಣಿಗೆ ಆಲ್ಗಾಲ್ 68ರಿಂದ ಬಂದದ್ದು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಅದನ್ನು ತಮ್ಮ ಬಿ ಭಾಷೆಗೆ ತಂದರು, ಆದರೆ ತಲೆಕೆಳಗಾಗಿ: += ಅಲ್ಲ, =+. ಆಗ ‘ಬೆಲೆ=-1’ ಎಂದರೆ ಬೆಲೆಯಿಂದ ಒಂದನ್ನು ಕಳೆಯಬೇಕೋ, ಮೈನಸ್ ಒಂದನ್ನು ಅದರಲ್ಲಿಡಬೇಕೋ? ಸಿ ಭಾಷೆಯ ಕರ್ತೃ ಡೆನಿಸ್ ರಿಚಿ ಇದನ್ನು ತಪ್ಪೆಂದೇ ಕರೆದಿದ್ದಾರೆ. ಅದು ಸರಿಯಾದದ್ದು 1976ರಲ್ಲಿ.

ಎಲ್ಲ ಅಕ್ಷರಕ್ಕೂ ಒಂದೇ 1408 ಸಾಕಾಗುವುದು ಆಕಸ್ಮಿಕವಲ್ಲ. ಭಾರತೀಯ ಲಿಪಿಗಳಿಗಾಗಿ ರೂಪುಗೊಂಡು, 1991ರಲ್ಲಿ ರಾಷ್ಟ್ರೀಯ ಮಾನಕವಾದ ‘ಇಸ್ಕಿ’ಯಲ್ಲಿ ಎಲ್ಲ ಲಿಪಿಗಳ ಕ ಕೂಡ ಒಂದೇ ಸಂಖ್ಯೆ. ಲಿಪಿ ಯಾವುದೆಂಬುದು ನಡುವೆ ಬರುವ ಒಂದು ಸೂಚನೆಯಷ್ಟೇ. ಇದರ ಮೇಲೆ ನಿಂತ ಜಿಸ್ಟ್ ತಂತ್ರಜ್ಞಾನ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪಿಂಪ್ರಿಯ ನೆರೆಯ ಪುಣೆಯಲ್ಲಿ 1988ರಲ್ಲಿ ಶುರುವಾದ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಯೂನಿಕೋಡ್ 1988ರ ಇಸ್ಕಿಯನ್ನೇ ಆಧಾರವಾಗಿಟ್ಟುಕೊಂಡು ಪ್ರತಿ ಲಿಪಿಗೂ 128 ಮನೆಗಳ ಸಾಲು ಕೊಟ್ಟಿತು, ಅಕ್ಷರಗಳ ಕ್ರಮ ಉಳಿಸಿಕೊಂಡಿತು. ಹಾಗಾಗಿ ಕೊನೆಯ ಏಳು ಬಿಟ್‌ಗಳನ್ನು ಮುಟ್ಟಬೇಕಿಲ್ಲ. ಮೇಲಿನವು ಬದಲಾದರೆ ಲಿಪಿ ಬದಲಾಯಿತು. ಜಾಣತನದ ವ್ಯವಸ್ಥೆಯೇ.

ಆದರೆ ಪಟ್ಟಿಯಲ್ಲಿ ಕರಾವಳಿಯಿಂದ ಹೋದವರ ಹೆಸರಿದ್ದರೆ? ಶೆಟ್ಟಿ ಎಂಬುದನ್ನು ಮರಾಠಿಯಲ್ಲಿ ಬರೆಯುವಾಗಲೇ ಹ್ರಸ್ವ ಎಕಾರ ಹೋಗಿರುತ್ತದೆ, ಕೊನೆಯ ಇಕಾರ ದೀರ್ಘವಾಗಿರುತ್ತದೆ. ಕನ್ನಡಕ್ಕೆ ಮರಳುವುದು ‘ಶೇಟ್ಟೀ’. ಹೆಗ್ಡೆ ‘ಹೇಗಡೇ’ ಆಗುತ್ತಾರೆ. ದೋಷ ಕೋಷ್ಟಕದ್ದಲ್ಲ: ದ್ರಾವಿಡ ಭಾಷೆಗಳ ಹ್ರಸ್ವ ಎ, ಒಗಳಿಗೆ ಅಲ್ಲಿ ಮನೆಗಳಿವೆ, ಮರಾಠಿ ಬರವಣಿಗೆ ಅವನ್ನು ಬಳಸುವುದಿಲ್ಲ ಅಷ್ಟೆ. ಉಲ್ಟಾ ಪ್ರಯಾಣದಲ್ಲಿ ಕನ್ನಡದ ಎ ಹೋಗಿ ಕೂರುವುದು ಮರಾಠಿ ಮಕ್ಕಳು ಶಾಲೆಯಲ್ಲಿ ಕಲಿಯದ ಅಕ್ಷರದಲ್ಲಿ. ‘ಆಫೀಸ್’ ಎಂಬುದರ ಮೊದಲ ಸ್ವರಕ್ಕೆ ಮರಾಠಿಯಲ್ಲಿರುವ ವಿಶೇಷ ಅಕ್ಷರವೋ 3217ಕ್ಕೆ ಬಂದು ಬೀಳುತ್ತದೆ. ಕನ್ನಡದಲ್ಲಿ ಆ ಮನೆ ಖಾಲಿ.

ಊರಿನ ಹೆಸರೂ ಪೂರ್ತಿ ಪಾರಾಗುವುದಿಲ್ಲ. ಅಕ್ಷರಗಳು ‘ಪಿಂಪರೀ’, ‘ಚಿಂಚವಡ’ ಎಂದು ನೆಟ್ಟಗೆ ಬರುತ್ತವೆ, ಆದರೆ ನಡುವಿನ ಅಡ್ಡಗೆರೆಯ ಸಂಖ್ಯೆ 45. ದೇವನಾಗರಿಯೇ ಹೌದೇ ಎಂದು ಮೊದಲು ಪರೀಕ್ಷಿಸದೆ ಅದಕ್ಕೂ 1408 ಹಚ್ಚಿದರೆ 1453 ಬರುತ್ತದೆ, ಅದು ಹೀಬ್ರೂ ಪಠಣದ ಒಂದು ಸ್ವರಚಿಹ್ನೆ. ಆ ಪರೀಕ್ಷೆಗೆ ಒಂದು ಸಾಲು ಸೇರಿಸಿದರೆ ಆಯಿತು. ಶೇಟ್ಟೀಯನ್ನು ಶೆಟ್ಟಿ ಮಾಡಲು ಮಾತ್ರ ಕನ್ನಡ ಹೆಸರುಗಳ ಪ್ರತ್ಯೇಕ ಪಟ್ಟಿ ಬೇಕು, ಅದನ್ನು ಕನ್ನಡ ಬಲ್ಲವರು ಕೂತು ಬರೆಯಬೇಕು.